ಸೊನ್ನೆ ನಂಬರಿನ ಸೀಟು

ನಾಲ್ಕನೇ ರೊಟ್ಟಿಯನ್ನು ಅರ್ಧ ಬಡಿದಿದ್ದೆ, ಫೋನ್ ಹೊಡೆದುಕೊಂಡಿತು. ಎರಡೂ ಕೈ ಹಿಟ್ಟಾಗಿದ್ದವು. ಮಗಳು ಮಾಯಾ ಓಡಿಬಂದು ಫೋನನ್ನು ನನ್ನ ಕಿವಿಗೆ ಹಿಡಿದು ನಿಂತಳು. ಆ ಕಡೆ ನನ್ನ ಗೈಡ್ ದಾನಿಯೇಲ ಸರ್.

"ಆಮ್ರಪಾಲಿ, ರಿಸಲ್ಟ್ ನೋಡಿದ್ರೇನು? ಎಕಂಬಾ ಸಾಲ್ಯಾಗಿನ ಇಪ್ಪತ್ತೆರಡು ಹುಡುಗ್ರು, ನಿಮ್ಮ ಮಾಯಾ ಒಬ್ಬಾಕಿ, ಒಟ್ಟ ಇಪ್ಪತ್ಮೂರು. ಒಬ್ಬರೂ ಸಹಾಯದ ಬಟನ್ ಒತ್ತಿಲ್ಲ! ಕೊಟ್ಟ ಕೆಲಸ ಎಲ್ಲಾರೂ ಮುಗಿಸ್ಯಾರ. ಸೋಮವಾರ ಪೇಪರ್ ಕಳಸೂದೇ."

"ಹೌದ್ರಿ ಸರ್. ಆದ್ರ ನನಗ್ಯಾಕೋ ಖರೆ ಅನಸವಲ್ದು."

"ಪೇಪರ್ ಬರಿಯೋರು ರಿಸಲ್ಟ್ ಛಲೋ ಬರ್ಲಿಲ್ಲಂತ ಅಳೂದು ನೋಡೀನಿ. ಛಲೋ ಬಂತಂತ ಅಳೋರು ನೀವ ಮೊದಲನೇವ್ರು" ಎಂದು ನಕ್ಕು ಫೋನ್ ಇಟ್ಟರು.

ಅಷ್ಟರಲ್ಲಿ ತವೆಯ ಮೇಲಿದ್ದ ರೊಟ್ಟಿ ಕರಕಾಗಿತ್ತು. ಮಾಯಾ ಅದನ್ನೇ ತಟ್ಟೆಗೆ ಹಾಕಿಕೊಂಡು ಸುಮ್ಮನೆ ತಿನ್ನತೊಡಗಿದಳು. ಬೇರೆ ಕೊಡು ಎನ್ನಲಿಲ್ಲ. ನಾನೇ ಕಸಿದುಕೊಂಡು ಬಿಸಿಯದು ಹಾಕಿದೆ.

ನಾನು ವಾರಕ್ಕೆ ಮೂರು ದಿನ ಭಾಲ್ಕಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಮಾಡುತ್ತೇನೆ. ಉಳಿದ ದಿನ ಬೀದರಿನ ಮನೆಯಲ್ಲೇ ಕೂತು ಪಿಎಚ್‌ಡಿ ಕೆಲಸ. ಮಕ್ಕಳು ಕನ್ನಡದಲ್ಲೇ ಬರೆಯಬಹುದಾದ ಒಂದು ಪುಟ್ಟ ಪ್ರೋಗ್ರಾಮಿಂಗ್ ಭಾಷೆ ಮಾಡಿದ್ದೇನೆ. ಪರದೆಯ ಮೇಲೆ ಒಂದು ಕೆಂಪು ಬಸ್ಸು ಇರುತ್ತದೆ. ಮಕ್ಕಳು ಪ್ರಯಾಣಿಕರ ಪಟ್ಟಿ ಬರೆಯಬೇಕು, ಯಾವ ಸೀಟಿನವರು ಎಲ್ಲಿ ಇಳಿಯಬೇಕೆಂದು ಹೇಳಬೇಕು, ಆಮೇಲೆ 'ನಡೆ' ಎಂದರೆ ಬಸ್ಸು ಔರಾದಿಗೆ ಹೊರಡುತ್ತದೆ. ಇಂಥ ಭಾಷೆಯನ್ನು ಮಕ್ಕಳು ಎಷ್ಟು ಸಲೀಸಾಗಿ ಕಲಿಯುತ್ತಾರೆ, ಎಲ್ಲಿ ಎಡವುತ್ತಾರೆ ಎನ್ನುವುದೇ ನನ್ನ ಸಂಶೋಧನೆ. ಎಲ್ಲಿಯೂ ಎಡವಲಿಲ್ಲ ಎಂದರೆ ಖುಷಿಪಡಬೇಕಿತ್ತು. ಆದರೆ ನಾನು ಮಾಯಾಳ ತಾಯಿ.

ಮಾಯಾಗೆ ಒಂಬತ್ತು ವರ್ಷ. ಪೂರ್ತಿ ಹೆಸರು ಮಹಾಮಾಯಾ. ಅವಳ ಶಾಲೆಯಲ್ಲಿ ಪಾಲಕರ ಸಭೆಗೆ ಹೋದಾಗಲೆಲ್ಲ, "ಭಾಳ ಶಾಣ್ಯಾ ಹುಡುಗಿರಿ, ಒಂದೂ ಪ್ರಶ್ನಿ ಕೇಳಂಗಿಲ್ಲ" ಎಂದು ಹೊಗಳುತ್ತಾರೆ. ಹೋದ ವರ್ಷ ಚಪ್ಪಲಿ ಸಣ್ಣದಾಗಿ ಎರಡು ತಿಂಗಳು ಬೆರಳು ಮಡಚಿಕೊಂಡು ನಡೆದಳು. ಹೊಸದು ಬೇಕು ಅನ್ನಲಿಲ್ಲ. ನಾನು ಈ ಭಾಷೆ ಕಲಿಸಿದ ಎಕಂಬಾ ಹಳ್ಳಿಯ ಶಾಲೆಯ ಮಕ್ಕಳೂ ಹಾಗೆಯೇ. "ತಿಳೀತೇನ್ರೋ?" ಎಂದು ನಾನು ಕೇಳಿದರೆ ಇಡೀ ಕೋಣೆ "ತಿಳೀತ್ರೀ!" "ಏನರ ಕೇಳೂದದೇನು?" ಎಂದರೆ ಅದಕ್ಕಿಂತ ಜೋರಾಗಿ "ಇಲ್ರೀ!"

ಆ ಮಧ್ಯಾಹ್ನ ಪಾತ್ರೆ ತೊಳೆದಿಟ್ಟು, ಮಕ್ಕಳು ಬರೆದ ಪ್ರೋಗ್ರಾಮುಗಳನ್ನು ಒಂದೊಂದಾಗಿ ತೆರೆದೆ. ಎಲ್ಲವೂ ಬರೋಬ್ಬರಿ ಓಡುತ್ತಿದ್ದವು. ಆದರೆ ನಾಲ್ಕು ಜನರ ಪಟ್ಟಿ ಬರೆಯಿರಿ ಎಂದಿದ್ದೆ, ಹೆಚ್ಚಿನ ಪಟ್ಟಿಗಳಲ್ಲಿ ಐದು ಹೆಸರಿದ್ದವು. ಆ ಹೆಚ್ಚುವರಿ ಹೆಸರು ಯಾವಾಗಲೂ ಮೊದಲನೆಯದು. ಒಬ್ಬ 'ಡ್ರೈವರ್' ಎಂದು ಬರೆದಿದ್ದ. ಒಬ್ಬಳು 'ಎಮ್ಮಿ'. ಇನ್ನೊಬ್ಬ 'ಯಾರೂ ಇಲ್ಲ'. ಯಾರೋ ಕಿಡಿಗೇಡಿ 'ಅಂಬರೀನ ಟೀಚರ್' ಎಂದು ತಮ್ಮ ಟೀಚರನ್ನೇ ಕೂರಿಸಿದ್ದ. ನಮ್ಮ ಮಾಯಾಳ ಪಟ್ಟಿಯ ಮೊದಲಿಗೆ 'ದಸ್ತಿ' ಅಂತಿತ್ತು. ಬಸ್ಸಿನಲ್ಲಿ ಜಾಗ ಹಿಡಿಯಲು ಕಿಟಕಿಯಿಂದ ಎಸೆಯುವ ಕರವಸ್ತ್ರ!

ಒಬ್ಬಳೇ ಕೂತು ನಕ್ಕೆ. ನಗು ನಿಂತ ಮೇಲೆ ತಿಳಿಯಿತು. ಬಹುತೇಕ ಕಂಪ್ಯೂಟರ್ ಭಾಷೆಗಳಂತೆ ನನ್ನ ಭಾಷೆಯೂ ಪಟ್ಟಿಯನ್ನು ಸೊನ್ನೆಯಿಂದ ಎಣಿಸುತ್ತದೆ. ಮೊದಲು ಬರೆದವರದು ಸೊನ್ನೆ ನಂಬರಿನ ಸೀಟು, ಎರಡನೆಯವರದು ಒಂದು. ಮಗು 'ಒಂದನೇ ಸೀಟಿನವರನ್ನು ಇಳಿಸು' ಎಂದರೆ ಬಸ್ಸು ಎರಡನೆಯವರನ್ನು ಇಳಿಸಿಬಿಡುತ್ತದೆ. ಮಕ್ಕಳು ಇದನ್ನು ಕಂಡಿದ್ದರು. ಯಾಕೆ ಹೀಗೆ ಎಂದು ಒಬ್ಬರೂ ಕೇಳದೆ, ಸೊನ್ನೆಯ ಸೀಟಿಗೆ ಎಮ್ಮೆಯನ್ನೋ ದಸ್ತಿಯನ್ನೋ ತುಂಬಿ, ಒಂದನ್ನು ಒಂದಾಗಿಸಿಕೊಂಡಿದ್ದರು.

ಸೊನ್ನೆಯಿಂದ ಎಣಿಸಲು ಕಾರಣ ನನಗೆ ಗೊತ್ತು. ಯಂತ್ರದ ಮಟ್ಟಿಗೆ ಆ ನಂಬರು ಎಣಿಕೆಯಲ್ಲ, ಪಟ್ಟಿಯ ಬಾಗಿಲಿನಿಂದ ಎಷ್ಟು ಹೆಜ್ಜೆ ದೂರ ಎನ್ನುವುದು. ಮೊದಲನೆಯವರು ಬಾಗಿಲಲ್ಲೇ ಇದ್ದಾರೆ, ಹೆಜ್ಜೆ ಸೊನ್ನೆ. ಆದರೆ ಮಕ್ಕಳ ಭಾಷೆಯಲ್ಲೂ ಹಾಗೇ ಇರಬೇಕೆಂದು ಯಾರು ಹೇಳಿದರು? ಯಾರೂ ಇಲ್ಲ. ಒಂದೊಂದು ಪದವನ್ನೂ ಹತ್ತು ಸಲ ಯೋಚಿಸಿ ಆರಿಸಿದವಳು, ಸೊನ್ನೆಯನ್ನು ಮಾತ್ರ ನಾನು ಕಲಿತ ಹಾಗೆಯೇ ಎತ್ತಿ ಇಟ್ಟಿದ್ದೆ.

ಸರ್‌ಗೆ ಫೋನ್ ಮಾಡಿದೆ. ಕಂಡದ್ದನ್ನೆಲ್ಲ ಹೇಳಿದೆ.

"ನೀವು ಹೇಳೂದು ಖರೆ ಇರಬಹುದು. ಆದ್ರ ಇದು ನಿಮ್ಮ ಊಹೆ ಆತು. ಒಂದಾದ್ರೂ ಕೂಸು ತನ್ನ ಬಾಯಿಲೆ ಹೇಳಬೇಕು."

"ಕೇಳ್ತೇನ್ರಿ ಸರ್."

"ಹ್ಯಾಂಗ ಕೇಳ್ತೀರಿ? 'ಸೊನ್ನಿಯಿಂದ ತ್ರಾಸಾತೇನು' ಅಂದ್ರ ಎಲ್ಲಾರೂ 'ಹೌದ್ರೀ' ಅಂತಾರ. 'ಆಗಿಲ್ಲೇನು' ಅಂದ್ರ 'ಇಲ್ರೀ' ಅಂತಾರ. ಮಾತು ನೀವು ಅವರ ಬಾಯಾಗ ಇಡೂ ಹಂಗಿಲ್ಲ. ಶನಿವಾರ ಮತ್ತ ಎಕಂಬಾಕ್ಕ ಹೋಗಿ ಬರ್ರಿ. ಯಾರೂ ಕೇಳಲಿಲ್ಲಂದ್ರ ಇದ್ದದ್ದ ಬರದು ಕಳಸೂಣು: ಭಾಷಾ ಸರಳ ಅದ, ಮಕ್ಕಳಿಗೆ ತ್ರಾಸಿಲ್ಲ."

ಆ ಸಾಲಿನ ಕೆಳಗೆ ನನ್ನ ಹೆಸರು ಇರುತ್ತದೆ.

ಶನಿವಾರಕ್ಕೆ ಇನ್ನೂ ಎರಡು ದಿನವಿತ್ತು. ಮನೆಯಲ್ಲಿ ನಾನೇ ಪ್ರಶ್ನೆ ಕೇಳಲು ಶುರುಮಾಡಿದೆ, ಕೇಳುವುದು ಮಾಯಾಳ ಕಿವಿಗೆ ರೂಢಿಯಾಗಲಿ ಎಂದು. ಬೆಳಿಗ್ಗೆ ಹಾಲಿನ ಖಾಜಾ ಮಿಯಾ ಬಂದಾಗ, "ಖಾಜಾ ಮಿಯಾ, ಎಮ್ಮಿ ಹಾಲಿಗಿ ಕೆನಿ ಇಷ್ಟ ದಪ್ಪ ಯಾಕ ಬರ್ತದರಿ?" ಎಂದೆ. ಅವರ ಮುಖ ಸಣ್ಣದಾಯಿತು.

"ಯಾಕ್ರಿ ಬಾಯಿ, ಇವತ್ತ ತೆಳ್ಳಗ ಬಂದದೇನು? ಅಲ್ಲಾ ಕಸಮ್, ನಾ ಒಂದ್ ಹನಿ ನೀರ್ ಹಾಕಿಲ್ಲ!"

ಅವರನ್ನು ಸಮಾಧಾನ ಮಾಡುವಷ್ಟರಲ್ಲಿ ಬಾಗಿಲ ಸಂದಿಯಿಂದ ಮಾಯಾ ಕಿಸಿಕಿಸಿ ನಗುತ್ತಿದ್ದಳು.

ಮಾಯಾ ಶಾಲೆಯಿಂದ ಬಂದ ಮೇಲೆ ನನ್ನ ಅತ್ತೆ ಶಾಲುಬಾಯಿ ಜೋಳ ಅಳೆದು ಡಬ್ಬಿಗೆ ಹಾಕುತ್ತಿದ್ದರು. "ಲಾಭ, ಎರಡ, ಮೂರ..."

"ಅತ್ತಿ, ಒಂದು ಅನ್ನೂದು ಬಿಟ್ಟು ಲಾಭ ಯಾಕ ಅಂತೀರಿ?"

"ಹಂಗ ಅಂತಾರ."

"ಯಾಕ ಅಂತಾರ್ರಿ?"

"ಎಣಿಕಿ ತಪ್ಪಿಸಿದಿ ನೋಡು! ಇಷ್ಟ ಕೇಳ್ಳಿಕ್ಕಿ ಪಿಎಚ್‌ಡಿ ಮಾಡಬೇಕಾತೇನು?" ಎಂದು ಸೇರನ್ನು ನೆಲಕ್ಕೆ ಕುಕ್ಕಿದರು. ಆಮೇಲೆ ತಾವೇ ನಕ್ಕರು. "ತವರೂರು ಖಟಕ ಚಿಂಚೋಳ್ಯಾಗ ಸಣ್ಣಾಕಿ ಇದ್ದಾಗ ನಮ್ಮವ್ವಗ ನಾನೂ ಒಮ್ಮಿ ಕೇಳಿದ್ದೆ. ಬಾಯಿ ಭಾಳ ಬಂದದಂತ ತಲಿಮ್ಯಾಲ ಕುಟ್ಟಿದಳು. ಮುಂದ ಯಾರಿಗೂ ಕೇಳಲಿಲ್ಲ."

ಮಾಯಾ ಅಜ್ಜಿಯ ಪಕ್ಕ ಕೂತು ಕಾಳು ಆರಿಸುತ್ತಿದ್ದಳು. ತಲೆ ಎತ್ತಿದಳು. ತುಟಿ ಸ್ವಲ್ಪ ತೆರೆಯಿತು. ಏನೋ ಕೇಳುತ್ತಾಳೆ ಎಂದುಕೊಂಡೆ. ಅವಳು ಒಂದು ಹರಳು ಎತ್ತಿ ಆಚೆ ಒಗೆದಳು, ಅಷ್ಟೆ.

ಸಂಜೆ ಅವಳ ತಲೆಗೆ ಎಣ್ಣೆ ಹಚ್ಚಿ ಜಡೆ ಹೆಣೆಯುವಾಗ ನನಗೆ ತಡೆಯಲಾಗಲಿಲ್ಲ. "ಮಾಯಾ, ನಿನ್ನ ಬಸ್ಸಿನ್ಯಾಗ ದಸ್ತಿ ಯಾಕ ಇಟ್ಟಿದಿ?"

ಅವಳ ಭುಜಗಳು ಕಿವಿಯವರೆಗೆ ಏರಿದವು. "ತಪ್ಪಾಗ್ಯದೇನು ಮಮ್ಮಿ? ತೆಗೀತೇನಿ."

"ಇಲ್ಲವ್ವ, ತೆಗೀಬ್ಯಾಡ. ಛಂದ ಅದ" ಎಂದು ರಿಬ್ಬನ್ ಕಟ್ಟಿದೆ. ನನ್ನ ಆತುರಕ್ಕೆ ನನಗೇ ನಾಚಿಕೆಯಾಯಿತು. ನಾನು ಇನ್ನೊಂದು ಸಲ ಕೇಳಿದ್ದರೆ ಅವಳು ದಸ್ತಿಯನ್ನಷ್ಟೇ ಅಲ್ಲ, ಬಸ್ಸನ್ನೇ ಅಳಿಸಿಬಿಡುತ್ತಿದ್ದಳು. ಇಪ್ಪತ್ಮೂರು ಮಕ್ಕಳಿಗೂ ನಾನು ಮಾಡಿದ್ದು ಇದೇ ಅಲ್ಲವೇ ಅನ್ನಿಸಿತು. ನನ್ನ ಪ್ರಶ್ನೆಯೆಲ್ಲ ಪರೀಕ್ಷೆಯ ಹಾಗೆ ಕೇಳಿಸುತ್ತಿತ್ತು. ಪರೀಕ್ಷೆಯಲ್ಲಿ ತಿಳಿಯಲಿಲ್ಲ ಎಂದು ಯಾವ ಮಗು ಬರೆಯುತ್ತದೆ?

ಶನಿವಾರ ಮಾಯಾಗೆ ರಜೆ. ಅವಳನ್ನೂ ಕರೆದುಕೊಂಡು ಬೆಳಗಿನ ಔರಾದ ಬಸ್ಸು ಹತ್ತಿದೆ. ಎಕಂಬಾ ಶಾಲೆಯಲ್ಲಿ ಅಂಬರೀನ ಟೀಚರ್ ಆಗಲೇ ಲ್ಯಾಪ್‌ಟಾಪುಗಳನ್ನು ಹಚ್ಚಿ ಕಾಯುತ್ತಿದ್ದರು. ಪಟ್ಟಿಯಲ್ಲಿ ಅವರನ್ನು ಯಾರೋ ಸೀಟು ತುಂಬಿಸಲು ಕೂರಿಸಿದ್ದನ್ನು ಹೇಳಿದೆ. "ಯಾರಂತ ನನಗ ಗೊತ್ತದ ಬಿಡ್ರಿ" ಎಂದು ಮೂರನೇ ಸಾಲಿನ ಕಡೆ ಕಣ್ಣು ಬಿಟ್ಟರು. ಮೂರನೇ ಸಾಲು ಇಡಿಯಾಗಿ ಪುಸ್ತಕದಲ್ಲಿ ಮುಖ ಹುದುಗಿಸಿತು.

ಮಾಯಾ ಕೊನೆಯ ಬೆಂಚಿನಲ್ಲಿ, ತನ್ನಷ್ಟೇ ಎತ್ತರದ ಹುಡುಗಿಯ ಪಕ್ಕ ಕೂತಳು. ಅರ್ಧ ಗಂಟೆ ಮಕ್ಕಳು ಬಸ್ಸು ಓಡಿಸಿದರು. ಸಾಲುಗಳ ನಡುವೆ ಓಡಾಡುತ್ತ ನೋಡಿದೆ. ಎಲ್ಲ ಪಟ್ಟಿಯಲ್ಲೂ ಮೊದಲಿಗೆ ಒಂದು ಹೆಚ್ಚಿನ ಹೆಸರು, ಎಲ್ಲ ಮುಖದಲ್ಲೂ ಶಾಂತಿ.

ನಾನು ಬೋರ್ಡಿನ ಮುಂದೆ ನಿಂತೆ. ಈ ಸಲ ತಿಳೀತೇನು ಎನ್ನಲಿಲ್ಲ.

"ಈ ಭಾಷಾ ಮಾಡಿದಾಕಿ ನಾನು" ಎಂದೆ. "ಮಾಡೂ ಮುಂದ ನಾನೂ ಒಂದು ಮಾತು ಯಾಕ ಅಂತ ಕೇಳಲಿಲ್ಲ. ಸುಮ್ಕ ಮಾಡಿಬಿಟ್ಟೆ. ಅದು ಎಲ್ಲದ ಅಂತ ನಾ ಹೇಳಂಗಿಲ್ಲ. ನಿಮಗ ಏನರ ಅಡ್ಡಸಡ್ಡ ಕಂಡ್ರ, ತಪ್ಪು ನಿಮ್ದಲ್ಲ, ನಂದು."

ಮೇಡಂ ತಪ್ಪು ಮಾಡುತ್ತಾರೆ ಎನ್ನುವುದನ್ನು ಅರಗಿಸಿಕೊಳ್ಳಲು ಮಕ್ಕಳಿಗೆ ಹೊತ್ತು ಬೇಕಿತ್ತು. ಒಬ್ಬ ಪಕ್ಕದವನನ್ನು ಮೊಣಕೈಯಿಂದ ತಿವಿದ. ಅವನು ತಿರುಗಿ ತಿವಿದ.

"ಕೇಳ್ರಲೇ, ಮೇಡಂ ತಾವ ಹೇಳ್ಲಿಕತ್ತಾರ..." ಎಂದು ಅಂಬರೀನ ಟೀಚರ್ ಶುರುಮಾಡಿದರು. ನಾನು ಬೇಡವೆಂದು ಕೈ ತೋರಿಸಿದೆ. ಕಾದೆ. ಹೊರಗೆ ಟ್ರ್ಯಾಕ್ಟರೊಂದು ಹೋಯಿತು, ಅದರ ಸದ್ದೂ ದೂರವಾಯಿತು. ಸೋಮವಾರ ಬರೆಯಬೇಕಾದ ಆ ಸಾಲು ಮತ್ತೆ ನೆನಪಾಯಿತು. ಆದರೂ ಕಾದೆ.

ಕೊನೆಯ ಬೆಂಚಿನಲ್ಲಿ ಒಂದು ಕೈ ಕಿವಿಯವರೆಗೆ ಏರಿ, ಕಿವಿ ತುರಿಸಿಕೊಂಡಂತೆ ಮಾಡಿ ಇಳಿಯಿತು. ಮತ್ತೆ ಏರಿತು. ಈ ಸಲ ಇಳಿಯಲಿಲ್ಲ. ನನ್ನ ಮಗಳು ಎದ್ದು ನಿಂತಳು. ಎಲ್ಲರೂ ಹಿಂದೆ ತಿರುಗಿ ನೋಡಿದರು. ಅವಳ ಮುಖ ಕೆಂಪಾಯಿತು, ಆದರೂ ಕೂರಲಿಲ್ಲ. ಅಲ್ಲಿ ಎಲ್ಲರೂ ನನ್ನನ್ನು ಮೇಡಂ ಎನ್ನುತ್ತಿದ್ದುದರಿಂದ, ಅವಳೂ ಹಾಗೆಯೇ ಕರೆದಳು.

"ಮೇಡಂರಿ, ಮಂದಿ ಎಲ್ಲಾ ಒಂದರಿಂದ ಎಣಸ್ತಾರ, ಈ ಬಸ್ಸು ಯಾಕ ಸೊನ್ನಿಯಿಂದ ಎಣಸ್ತದರಿ?"