ಮೊದಲ ಕಾಲು ಸುತ್ತು

ಚೊಂಗ್‌ಗ್ಯೆಚೊನ್ ಹೊಳೆಯ ಪಕ್ಕದ ಹಳೆಯ ಮಳಿಗೆ ಕಟ್ಟಡದ ಮೂರನೇ ಮಹಡಿಯಲ್ಲಿ ನನ್ನ ರಿಪೇರಿ ಅಂಗಡಿ. ಆಂಪ್ಲಿಫೈಯರ್ ಕೆಡಲಿ, ಗಿಟಾರಿನ ಪೆಡಲ್ ಕೆಡಲಿ, ಸಿಯೋಲ್‌ನ ವಾದ್ಯಗಾರರು "ತಕ್ ಹತ್ರ ಕೊಡು" ಅನ್ನುತ್ತಾರೆ. ನನಗೆ ಜಂಬ ಇರಲಿಲ್ಲ ಎಂದರೆ ಸುಳ್ಳಾದೀತು. ಅದು ಇಳಿದದ್ದು ಒಂದು ಗುರುವಾರ ಮಧ್ಯಾಹ್ನ, ಮಾನ್‌ಗಿಲ್ ಅಣ್ಣ ಹೆಂಡತಿಯ ಜೊತೆ ಬಂದಾಗ.

ಅಣ್ಣನಿಗೆ ಎಪ್ಪತ್ತಾರು. ಪ್ರತಿ ಗುರುವಾರ ಮಧ್ಯಾಹ್ನ ಜೊಂಗ್‌ನೊದಲ್ಲಿ ಮುದುಕರು ಕುಣಿಯುವ ಹಾಲಿನಲ್ಲಿ ಗಿಟಾರ್ ಬಾರಿಸುತ್ತಾರೆ. ಆ ಹೊತ್ತಿಗೆ ಅವರು ಅಲ್ಲಿರಬೇಕಿತ್ತು.

"ಏನಣ್ಣ, ಗುರುವಾರ ಇಲ್ಲಿ? ಹಾಲಿಗೆ ಬೀಗ ಬಿತ್ತಾ?"

ಅವರು ಸುಮ್ಮನೆ ನನ್ನ ಮುಖ ನೋಡಿದರು. ಮಾಲ್‌ಸುನ್ ಅತ್ತಿಗೆ ಬಗ್ಗಿ, ಅವರ ಭುಜದ ಮೇಲೆ ಕೈಯಿಟ್ಟು, ಕಿವಿಯ ಬಳಿ ಮೆಲ್ಲಗೆ ಹೇಳಿದರು: "ಯಾಕೆ ಬಂದ್ರಿ ಅಂತ ಕೇಳ್ತಿದಾರೆ ರೀ."

ನಾನು ದಂಗಾದೆ. ಈ ಅತ್ತಿಗೆ ಕೆಳಗಿನ ಮೆಟ್ಟಿಲಲ್ಲಿ ನಿಂತು "ರೀ" ಅಂದರೆ ನಮ್ಮ ಮಹಡಿಯ ಅರ್ಧ ಗಂಡಸರು ತಿರುಗಿ ನೋಡುತ್ತಿದ್ದರು.

"ಕಿವಿ ಹೋಯ್ತು ತಮ್ಮಾ," ಅಂದರು ಅಣ್ಣ. "ಗಿಟಾರು, ಪೆಡಲ್ಲು ಎರಡೂ ಮಾರ್ಬಿಡ್ತೀನಿ. ಪೆಡಲ್ ಸರಿಯಿದೆ ಅಂತ ತಕ್ ಹೇಳಿದ್ರೆ ಮಾತ್ರ ತಗೋತೀನಿ ಅಂತಾನೆ ಹಳೇ ವಾದ್ಯದ ಅಂಗಡಿಯವನು."

"ಡಾಕ್ಟರ್ ಹತ್ರ ಹೋದ್ರಾ?"

"ನಡೀರಿ ಅಂದ್ರೆ ಕೇಳಿಸ್ಲಿಲ್ಲ ಅಂತಾರೆ. ಇವರಿಗೊಂದು ಒಳ್ಳೇ ನೆಪ ಸಿಕ್ಕಿದೆ," ಅಂದರು ಅತ್ತಿಗೆ. ನಗಲು ನೋಡಿದರು, ಆಗಲಿಲ್ಲ. "ಎರಡು ವಾರದಿಂದ ಸರಿಯಾಗಿ ಊಟ ಮಾಡಿಲ್ಲ."

ಆ ಪೆಡಲ್ ಅಣ್ಣನ ಎರಡನೇ ಹೆಂಡತಿ ಎಂದು ನಾವೆಲ್ಲ ರೇಗಿಸುತ್ತಿದ್ದೆವು. ಎಪ್ಪತ್ತರ ದಶಕದ ತಗಡಿನ ಡಬ್ಬಿ, ಗಿಟಾರಿನ ದನಿಯನ್ನು ಒರಟು ಮಾಡುವಂಥದ್ದು. ಬೇರೆಯವರು ಅದನ್ನು ಕಾಲಡಿ ಇಟ್ಟುಕೊಂಡರೆ, ಅಣ್ಣ ಪಕ್ಕದ ಸ್ಟೂಲಿನ ಮೇಲೆ ಇಟ್ಟುಕೊಳ್ಳುತ್ತಾರೆ. ವಾಲ್ಯೂಮ್ ಸೊನ್ನೆಯಲ್ಲಿಟ್ಟು ತಂತಿ ಮೀಟುತ್ತಾರೆ, ತಕ್ಷಣ ಅದೇ ಕೈಯಿಂದ ಗುಂಡಿ ತಿರುಗಿಸುತ್ತಾರೆ. ಎಲ್ಲಿಂದಲೋ ಯಾರೋ ಹಾಡುತ್ತಾ ಬಂದಂತೆ ದನಿ ಏಳುತ್ತದೆ. ಅದನ್ನು ಕೇಳಲೆಂದೇ ಮುದುಕಿಯರು ಮುಂದಿನ ಸಾಲು ಹಿಡಿಯುತ್ತಾರೆ.

ಎರಡು ವಾರದ ಹಿಂದೆ ಅದರ ಗುಂಡಿಯ ಕೆಳಗಿನ ವಾಲ್ಯೂಮ್ ಕಂಟ್ರೋಲ್ ಕರಕರ ಅನ್ನುತ್ತಿದೆ ಎಂದು ತಂದಿದ್ದರು. ನಾನೇ ಹೊಸದು ಹಾಕಿಕೊಟ್ಟಿದ್ದೆ. ಆಮೇಲೆ ಹಾಲಿನಲ್ಲಿ ಮೊದಲ ಹಾಡಿಗೇ ಮೀಟಿ ತಿರುಗಿಸಿದರೆ ದನಿಯೇ ಇಲ್ಲವಂತೆ. ಗಾಬರಿಯಾಗಿ ಇನ್ನಷ್ಟು ತಿರುಗಿಸಿ ಮತ್ತೆ ಮೀಟಿದರೆ, ದನಿ ಸಿಡಿದು ಕುಣಿಯುತ್ತಿದ್ದ ಅಜ್ಜನೊಬ್ಬ ಬೆಚ್ಚಿಬಿದ್ದು ಜೊತೆಗಾತಿಯ ಕೈಯನ್ನೇ ಬಿಟ್ಟುಬಿಟ್ಟನಂತೆ.

"ಕೈ ತಪ್ಪಿಲ್ಲ ತಮ್ಮಾ. ನಲವತ್ತು ವರ್ಷದ ಕೈ. ಕಿವಿಗೇ ಕೇಳಿಸ್ತಿಲ್ಲ."

"ಒಂದ್ಸಲ ಬಾರಿಸಿ ತೋರಿಸಿ."

ಅಣ್ಣ ಮೀಟಿದರು. ಕಾಲು ಸುತ್ತು ತಿರುಗಿಸಿದರು. ನಾನು ಕಿವಿಗೊಟ್ಟೆ. ನನಗೂ ಕೇಳಿಸಲಿಲ್ಲ.

ಅವಸರದಲ್ಲಿ ಪೆಡಲಿನ ತಳದ ಮುಚ್ಚಳ ಬಿಚ್ಚಿದೆ. ಕಿತ್ತ ಭಾಗವನ್ನು ಗಿರಾಕಿಗೇ ಕೊಡುವುದು ನಮ್ಮಲ್ಲಿ ರೂಢಿ, ಇಲ್ಲದಿದ್ದರೆ ಹೊಸದು ಹಾಕದೆಯೇ ಹಾಕಿದೆ ಅಂದೆವು ಎಂದು ಅನುಮಾನ ಪಡುತ್ತಾರೆ. ಹಳೆಯ ಕಂಟ್ರೋಲ್ ನಾನು ಟೇಪಿನಲ್ಲಿ ಅಂಟಿಸಿದ ಹಾಗೆಯೇ ಮುಚ್ಚಳದ ಒಳಗಿತ್ತು. ಅದನ್ನು ಸರಿಯಾಗಿ ಮಧ್ಯಕ್ಕೆ ತಿರುಗಿಸಿ ಮೀಟರ್ ಹಿಡಿದೆ. ಎರಡೂ ಕಡೆ ಅರ್ಧರ್ಧ.

ಅಯ್ಯೋ ನನ್ನ ಬುದ್ಧಿಗಿಷ್ಟು! ಅದು ಬಿ ಜಾತಿಯದು, ನಾನು ಹಾಕಿದ್ದು ಎ. ಎ ಜಾತಿ ಮೊದಮೊದಲು ತೊಟ್ಟು ತೊಟ್ಟಾಗಿ ದನಿ ಬಿಟ್ಟು ಕೊನೆಗೆ ಸುರಿಯುತ್ತದೆ. ಕಿವಿಗೆ ಅದೇ ಹಿತ ಎಂದು ವಾಲ್ಯೂಮಿಗೆ ಎಲ್ಲರೂ ಅದನ್ನೇ ಹಾಕುತ್ತಾರೆ. ಬಿ ಜಾತಿ ಉದ್ದಕ್ಕೂ ಒಂದೇ ಸಮ ಬಿಡುವುದರಿಂದ, ಕಿವಿಯ ಲೆಕ್ಕಕ್ಕೆ ಮೊದಲ ಕಾಲು ಸುತ್ತಿನಲ್ಲೇ ಹೆಚ್ಚುಕಡಿಮೆ ಎಲ್ಲವನ್ನೂ ಕೊಟ್ಟುಬಿಡುತ್ತದೆ. ಅಣ್ಣನಿಗೆ ಬೇಕಾದದ್ದು ಅದೇ, ತಂತಿಯ ನಾದ ಸಾಯುವುದರೊಳಗೆ ದನಿ ಎದ್ದು ನಿಲ್ಲಬೇಕಲ್ಲ. ಹಳೆಯದನ್ನು ಬಿಚ್ಚಿ ನೋಡಿದರೆ ಒಳಗಿನ ಕಪ್ಪು ಪಟ್ಟಿ ಮೊದಲ ಕಾಲು ಭಾಗದಲ್ಲಿ ಮಾತ್ರ ಸವೆದು ಬೆಳ್ಳಗಾಗಿತ್ತು, ಮಿಕ್ಕದ್ದೆಲ್ಲ ಹೊಸದರಂತಿತ್ತು. ಎಷ್ಟೋ ವರ್ಷ ಹಾಲಿನಲ್ಲಿ ಕೂತು ಅವರ ಕೈಯನ್ನೇ ನೋಡಿದವನು ನಾನು. ಆದರೂ ಅಳೆಯಲಿಲ್ಲ, ಕೇಳಲಿಲ್ಲ. ನನಗೆ ಗೊತ್ತಿಲ್ಲದ್ದು ಏನಿದೆ ಎಂಬ ಪೊಗರು.

ಡ್ರಾಯರ್ ಜಾಲಾಡಿ ಬಿ ಜಾತಿಯದನ್ನು ಹುಡುಕಿ ಬೆಸೆದೆ.

"ಬಾರಿಸಿ ಅಣ್ಣ."

ಮೀಟಿದರು, ಕಾಲು ಸುತ್ತು. ದನಿ ಎದ್ದಿತು. ಪಕ್ಕದ ಟ್ರಾನ್ಸ್‌ಫಾರ್ಮರ್ ಅಂಗಡಿಯವನು ಯಂತ್ರ ನಿಲ್ಲಿಸಿ ಇಣುಕಿದ. ಅಣ್ಣ ಕಣ್ಣು ಮುಚ್ಚಿಕೊಂಡಿದ್ದರು, ಗಲ್ಲ ಒದ್ದೆಯಾಗಿತ್ತು.

"ಕಿವಿಗೇನೂ ಆಗಿಲ್ಲ ಅಣ್ಣ. ತಪ್ಪು ನಂದು. ನಿಮ್ಮನ್ನ ಕೇಳ್ದೆ ಬೇರೆ ಜಾತೀದು ಹಾಕ್ಬಿಟ್ಟೆ."

"ಹಾಳಾದವ್ನೇ!" ಅತ್ತಿಗೆಯ ಹಳೆಯ ಗಂಟಲು ಎರಡು ವಾರದ ಮೇಲೆ ಹೊರಬಂತು. "ಗಿಡಮೂಲಿಕೆ ಕುದಿಸಿ ಕುದಿಸಿ ನನ್ನ ಅಡುಗೆಮನೆ ನಾರ್ತಾ ಇದೆ! ರಾತ್ರಿಯೆಲ್ಲ ಅತ್ತಿದೀನಿ ಕಣೋ!" ನನ್ನ ಬೆನ್ನಿಗೆ ಎರಡು ಗುದ್ದು ಬಿದ್ದವು. ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕರು.

ತಪ್ಪಿಗೆ ದಂಡವಾಗಿ ಮೂರು ಬಟ್ಟಲು ಕಪ್ಪು ಗೊಜ್ಜಿನ ನೂಡಲ್ಸ್, ಜಜಾಂಗ್‌ಮ್ಯೊನ್ ತರಿಸಿದೆ. ಕೆಲಸದ ಮೇಜಿನ ಮೇಲೇ ಪೇಪರ್ ಹಾಸಿ ಕೂತೆವು. ಅಣ್ಣ ಎರಡು ವಾರದ ಹಸಿವನ್ನೆಲ್ಲ ತೀರಿಸಿಕೊಳ್ಳುವಂತೆ ತಿನ್ನುತ್ತಿದ್ದರು. ಮೇಜಿನ ಆ ತುದಿಯಿಂದ ಅತ್ತಿಗೆ ಮಾಮೂಲಿ ದನಿಯಲ್ಲಿ ಕೇಳಿದರು:

"ಮೂಲಂಗಿ ಹಾಕ್ಲಾ ರೀ?"

ಅಣ್ಣ ತಿನ್ನುವುದನ್ನು ನಿಲ್ಲಿಸಿ, ಕಿವಿಗೆ ಅಂಗೈ ಹಿಡಿದು, ಅವರತ್ತ ವಾಲಿದರು. "ಆಂ? ಏನಂದೆ?"

ಅತ್ತಿಗೆ ಒಂದು ಕ್ಷಣ ಅವರನ್ನೇ ನೋಡಿದರು. ಗೊತ್ತಾಯಿತು ಅವರಿಗೆ, ಮುಖ ಕೆಂಪಾಯಿತು. ಆಮೇಲೆ ಸ್ಟೂಲನ್ನು ಎಳೆದುಕೊಂಡು ಪಕ್ಕಕ್ಕೆ ಬಂದು, ಭುಜದ ಮೇಲೆ ಕೈಯಿಟ್ಟು, ಕಿವಿಯ ಬಳಿ ಬಗ್ಗಿ, ಮೆಲ್ಲಗೆ ಇನ್ನೊಮ್ಮೆ ಕೇಳಿದರು.

ನಾನು ಬಾಯಿ ಮುಚ್ಚಿಕೊಂಡು ನನ್ನ ಬಟ್ಟಲು ಖಾಲಿ ಮಾಡಿದೆ.