ಅಳಿಸಿದ ಮಾತು

ಹೊಲಿಗೆಯವರ ಆನ್‌ಲೈನ್ ಗುಂಪಿಗೆ ನಾನೇ ಅಡ್ಮಿನ್. ಊರ ಉಸಾಬರಿಯೆಲ್ಲ ನನ್ನ ತಲೆಗೆ. ಹೊಸಬಳೊಬ್ಬಳು ತಾನು ಹೊಲಿದ ಅಂಗಿಯ ಫೋಟೊ ಹಾಕಿದಳು. ಹಿರಿಯ ಟೈಲರೊಬ್ಬ ಬಾಯಿಗೆ ಬಂದಂತೆ ಬೈದ. "ಯಾಕೆ ಬೈತೀರಿ?" ಎಂದು ಅವಳು ಕೇಳಿದಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಇಬ್ಬರ ಮಾತನ್ನೂ ಅಳಿಸಿದೆ.

ಪಕ್ಕದಲ್ಲಿ ಅಮ್ಮ ಗುಂಡಿ ಆರಿಸುತ್ತಿದ್ದಳು. ಲಕ್ವ ಹೊಡೆದಾಗಿನಿಂದ ಅವಳಿಗೆ ಮಾತಿಲ್ಲ. ಈಗ ತಲೆಯೆತ್ತಿ, ಗಡಸು ಗಂಡುದನಿಯಲ್ಲಿ, ನಾನು ಅಳಿಸಿದ ಬೈಗುಳವನ್ನೆಲ್ಲ ಒದರಿದಳು.

ಆಮೇಲೆ ಅದೇ ಬಾಯಿಂದ ಎಳೆ ಹುಡುಗಿಯ ದನಿ ಬಂತು: "ಅಣ್ಣಾ, ನಾನೇನು ತಪ್ಪು ಮಾಡಿದ್ದೆ?"

ಗಾಬರಿಯಿಂದ ಫೋನ್ ನೋಡಿದೆ. ಬೈದವನು ಗುಂಪಿನಲ್ಲಿ ಹಾಯಾಗಿದ್ದ. ಆ ಹೊಸಬಳು ಗುಂಪು ಬಿಟ್ಟುಹೋಗಿದ್ದಳು.

ಅಮ್ಮ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡಳು.

"ಇನ್ಮೇಲೆ ಇಲ್ಲೇ ಇರ್ತೀನಿ ಅಣ್ಣಾ," ಎಂದಿತು ಆ ದನಿ.