ತಳ ಕಾಣದ ತೊಟ್ಟಿ

ಶೀಳನೆರೆಯಲ್ಲಿ ಆ ವಾರ ಮೂರು ಮನೆಗೆ ಡೆಂಗ್ಯೂ ಬಂದಿತ್ತು. ಜಯಲಕ್ಷ್ಮಮ್ಮನ ಮಗಳು ಮಮತ ಚೊಚ್ಚಲ ಹೆರಿಗೆಗೆ ತವರಿಗೆ ಬಂದು ಹದಿನೈದು ದಿನವಾಗಿತ್ತು. ಯಾರಿಗೋ ಜ್ವರ ಎಂದು ಕಿವಿಗೆ ಬಿದ್ದರೂ ತಾಯಿಯ ಕಣ್ಣು ಮೊದಲು ಮಗಳ ಹೊಟ್ಟೆಯ ಮೇಲೆ ಹೋಗುತ್ತಿತ್ತು.

ಆಶಾ ಕಾರ್ಯಕರ್ತೆ ಮೆಹನಾಜ್ ಬಂದಾಗ ಜಯಲಕ್ಷ್ಮಮ್ಮ ಹಿತ್ತಲಲ್ಲಿ ದನಕ್ಕೆ ಕುಡಿಯಲು ಇಟ್ಟ ಬಾನಿಯ ನೀರು ಚೆಲ್ಲುತ್ತಿದ್ದರು. ಅದು ಕೆರೆಯ ನೀರು. ಎಳ್ಳಿಗಿಂತ ಸಣ್ಣ ಬಿಳಿ ಚುಕ್ಕಿಗಳು ಅದರಲ್ಲಿ ಕುಪ್ಪಳಿಸುತ್ತಿದ್ದವು.

"ಸೊಳ್ಳೆ ಮರಿ ಎಂಗೆ ಕುಣೀತವೆ ನೋಡವ್ವ" ಅಂದರು.

ಮೆಹನಾಜ್ ಬಗ್ಗಿ ನೋಡಿದಳು. "ಇವು ಸೊಳ್ಳೆ ಮರಿ ಅಲ್ಲ ಜಯಕ್ಕ. ಸಿಗಡಿ ಕುಲದ ಪುಟಾಣಿ ಜೀವ. ಇವುಗಳಲ್ಲಿ ಕೆಲವು ಆಗತಾನೆ ಹುಟ್ಟಿದ ಸೊಳ್ಳೆ ಮರೀನೇ ಹಿಡಿದು ತಿಂತವೆ. ನಿಮ್ಮ ಬಚ್ಚಲ ತೊಟ್ಟಿ ತೋರ್ಸಿ."

ತೊಟ್ಟಿ ಜಯಲಕ್ಷ್ಮಮ್ಮನ ಹೆಮ್ಮೆ. ಬಸುರಿ ಇರುವ ಮನೆಯಲ್ಲಿ ತೊಟ್ಟಿಯ ತಳ ಕಾಣಬಾರದು ಎಂದು ತೀರಿಕೊಂಡ ಅತ್ತೆ ಮಾಯಮ್ಮ ಹೇಳುತ್ತಿದ್ದರು. ಅದಕ್ಕೇ ಮಗಳು ಬಂದಾಗಿನಿಂದ ಖರ್ಚಾದಷ್ಟು ನೀರನ್ನು ಮೇಲೆ ಮೇಲೆ ತುಂಬುತ್ತ ಬಂದಿದ್ದರು.

ಮೆಹನಾಜ್ ಆ ನೀರನ್ನು ಬಿಳಿ ಬೋಗುಣಿಗೆ ಮೊಗೆದು ಬಿಸಿಲಿನಲ್ಲಿಟ್ಟಳು. ತೆಳ್ಳನೆಯ ಹುಳಗಳು ಬಳುಕುತ್ತ ಮೇಲೆ ಬಂದವು.

"ಚೊಕ್ಕ ನೀರಲ್ಲಿ ಎಲ್ಲಿಂದ ಬಂದೊ? ನೀನೇ ತಂದ್ ಬುಟ್ಟೇನೋ" ಎಂದು ಜಯಲಕ್ಷ್ಮಮ್ಮ ಗೊಣಗಿದರು.

ಸೊಳ್ಳೆ ಮರಿ ಅಂದರೆ ಇವೇ ಎಂದು ಮೆಹನಾಜ್ ನಕ್ಕಳು. ಡೆಂಗ್ಯೂ ಸೊಳ್ಳೆಗೆ ಇಷ್ಟವಾಗುವುದು ಇಂಥ ಚೊಕ್ಕ ನೀರೇ, ಅದು ನೀರಿನ ಮಟ್ಟಕ್ಕಿಂತ ಮೇಲೆ ಗೋಡೆಗೆ ಮೊಟ್ಟೆ ಅಂಟಿಸುತ್ತದೆ, ನೀರು ಏರಿದಾಗ ಮರಿಯಾಗುತ್ತದೆ ಎಂದು ಬಿಡಿಸಿ ಹೇಳಿದಳು.

ಜಯಲಕ್ಷ್ಮಮ್ಮ ಬೋಗುಣಿಯೊಳಗೆ ಬಗ್ಗಿ ನೋಡಿದರು. ದಿನಾ ಕೊಡ ಹೊತ್ತದ್ದು ಮಗಳಿಗಾಗಿ. ಸಾಕಿದ್ದು ಏನನ್ನು?

"ಅಂಗಾರೆ ಬಾನಿ ಚುಕ್ಕಿನೇ ತಂದು ಇದಕ್ಕೆ ಬುಡ್ಲಾ?"

"ಬೇಡ ಅಕ್ಕ. ಅದನ್ನ ಗೊತ್ತಿದ್ದೋರು ನೋಡಿ ಮಾಡ್ಬೇಕು. ಸೊಳ್ಳೆ ಮರಿ ಬಲಿತ್ರೆ ಆ ಚುಕ್ಕಿಗೂ ಹಿಡಿಯಕ್ಕಾಗಲ್ಲ. ನಿಮ್ಮ ಕೈಲಾಗೋದು ತೆಂಗಿನ ನಾರಲ್ಲಿ ಗೋಡೆ ಉಜ್ಜೋದು."

ಅಂದೇ ತೊಟ್ಟಿ ಬರಿದಾಯಿತು. ಜಯಲಕ್ಷ್ಮಮ್ಮ ಒಳಗೋಡೆಯನ್ನು ಅಂಚಿನವರೆಗೂ ಉಜ್ಜಿದರು. ಬಾಗಿಲಲ್ಲಿ ನಿಂತ ಮಮತ ಕೇಳಿದಳು: "ತಳ ಕಾಣ್ತಾ ಅದೆ. ಅಜ್ಜಿ ಬಯ್ಯಲ್ವೇನವ್ವ?"

"ಬಯ್ಯಲಿ ಬುಡು. ನಿನ್ನ ಮಗೀನ ಮೊಕ ನೋಡಿದ್ ಮ್ಯಾಲೆ ತಣ್ಣಗಾಯ್ತರೆ."

ಅಕ್ಕತಂಗಿಯರೇ, ನಿಮ್ಮ ಮನೆಯ ತೊಟ್ಟಿ, ಡ್ರಮ್ಮಿನ ತಳವನ್ನು ನೀವು ಕೊನೆಯ ಸಲ ಕಂಡಿದ್ದು ಯಾವಾಗ? ವಾರಕ್ಕೊಂದು ದಿನ ಗೊತ್ತುಮಾಡಿ, ಪೂರ್ತಿ ಖಾಲಿ ಮಾಡಿ, ಗೋಡೆ ಉಜ್ಜಿ, ಮತ್ತೆ ತುಂಬಿ ಬಿಗಿಯಾಗಿ ಮುಚ್ಚಿ. ದನದ ಬಾನಿಯನ್ನೂ ಮರೆಯಬೇಡಿ. ಜ್ವರ ಬಂದರೆ ಕಾಯದೆ ಆಸ್ಪತ್ರೆಗೆ ಹೋಗಿ. ತುಂಬಿದ ತೊಟ್ಟಿ ಒಳ್ಳೆಯದೇ. ವಾರಕ್ಕೊಮ್ಮೆ ಅದರ ತಳ ಕಂಡರೆ ಇನ್ನೂ ಒಳ್ಳೆಯದು.